ಮೊದಲ ಕೈಟ್ ಯಾವ ಸೈಜು? 7, 9, 10, 12ರ ನಡುವೆ ಆಯ್ಕೆ

ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಸಾಗುವ ಆಟ) ಕೋರ್ಸ್ ಮುಗಿಸಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ನಾನು ಇಷ್ಟು ಕೆ.ಜಿ. ಇದ್ದೀನಿ, ಯಾವ ಸೈಜಿನ ಕೈಟ್ ತಗೊಳ್ಳಲಿ?” ತೂಕ ಹೇಳುತ್ತಾರೆ, ಕೆಲವರು ಎತ್ತರವನ್ನೂ ಹೇಳುತ್ತಾರೆ. ಎಲ್ಲಿ ಆಡುತ್ತೀರಿ, ಯಾವ ತಿಂಗಳಲ್ಲಿ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅಸಲು ಲೆಕ್ಕ ಇರುವುದೇ ಅಲ್ಲಿ. 75 ಕೆ.ಜಿ. ತೂಕದವರಿಗೆ ಜುಲೈ ತಿಂಗಳಲ್ಲಿ ಶ್ರೀಲಂಕಾದ ಕಲ್ಪಿಟಿಯದಲ್ಲಿ 9 ಚದರ ಮೀಟರಿನ ಕೈಟ್ ಸಾಕು. ಅದೇ ಮನುಷ್ಯ ದುಬೈಗೆ 9 ಒಂದನ್ನೇ ಹೊತ್ತುಕೊಂಡು ಹೋದರೆ ಎಷ್ಟೋ ದಿನ ಮರಳಲ್ಲಿ ಕೂತು ಬೇರೆಯವರ ಆಟ ನೋಡಬೇಕಾಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಮೊದಲು ಗಾಳಿ, ಆಮೇಲೆ ತೂಕ. ಎರಡು ಸೈಜಿನ ನಡುವೆ ಮನಸ್ಸು ತೂಗುತ್ತಿದ್ದರೆ ಚಿಕ್ಕದನ್ನು ತಗೊಳ್ಳಿ, ಬೋರ್ಡ್ ಮಾತ್ರ ಸ್ವಲ್ಪ ದೊಡ್ಡದಿರಲಿ.

ಇದು ಬೋರ್ಡ್ ಮೇಲೆ ಎದ್ದು ನಿಂತು ಒಂದಷ್ಟು ದೂರ ಹೋಗಬಲ್ಲವರಿಗೆ ಬರೆದದ್ದು. ಇನ್ನೂ ಬಾಡಿ ಡ್ರ್ಯಾಗ್ (ಬೋರ್ಡ್ ಇಲ್ಲದೆ ಕೈಟಿನಿಂದ ನೀರಲ್ಲಿ ಎಳೆಸಿಕೊಳ್ಳುವ) ಹಂತದಲ್ಲಿದ್ದರೆ ಏನೂ ಕೊಳ್ಳಬೇಡಿ. ಕಲಿಸುವವರ ಬಳಿ ಎಲ್ಲಾ ಸೈಜೂ ಇರುತ್ತವೆ, ಆ ದಿನದ ಗಾಳಿಗೆ ಯಾವುದು ಸರಿಯೋ ಅದನ್ನು ಅವರೇ ಕೈಗೆ ಕೊಡುತ್ತಾರೆ. ಆ ಸೌಲಭ್ಯ ಬಿಟ್ಟು ದುಡ್ಡು ಸುರಿಯುವ ಅಗತ್ಯ ಇಲ್ಲ.

ಆ ಸಂಖ್ಯೆ ಏನು ಹೇಳುತ್ತದೆ

ಕೈಟ್ ಮೇಲೆ 9 ಅಂತ ಬರೆದಿದ್ದರೆ ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿದಾಗ 9 ಚದರ ಮೀಟರ್ ಅಂತ ಅರ್ಥ. ಹೆಚ್ಚಿನ ಕಂಪನಿಗಳು ಹೀಗೇ ಅಳೆಯುತ್ತವೆ. ಆಕಾಶದಲ್ಲಿ ಅದು ಬಾಗಿಕೊಂಡು ನಿಲ್ಲುವುದರಿಂದ ಗಾಳಿಗೆ ಸಿಗುವ ಮೈ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅನ್ನುವುದು ಕೈಟಿನ ಆಕಾರಕ್ಕೆ ಬಿಟ್ಟದ್ದು. ಅದಕ್ಕೇ ಒಂದು ಕಂಪನಿಯ 9 ಇನ್ನೊಂದರ 10ರ ಹಾಗೆ ಎಳೆಯಬಹುದು. ಒಂದು ಮೀಟರ್ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಕೈಟ್ ಆಡುವವರು ಬಾಯಲ್ಲೇ ಹಾಕುವ ಒಂದು ಲೆಕ್ಕ ಇದೆ. ನಿಮ್ಮ ತೂಕವನ್ನು 2.2ರಿಂದ ಗುಣಿಸಿ, ಗಾಳಿಯ ವೇಗದಿಂದ ಭಾಗಿಸಿ. ತೂಕ ಕೆ.ಜಿ.ಯಲ್ಲಿ, ಗಾಳಿ ನಾಟ್‌ನಲ್ಲಿ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. 75 ಕೆ.ಜಿ.ಗೆ 18 ನಾಟ್ ಗಾಳಿಯಲ್ಲಿ ಇದು 9 ಚಿಲ್ಲರೆ ಬರುತ್ತದೆ. 14 ನಾಟ್‌ನಲ್ಲಿ 12ರ ಹತ್ತಿರ. ಇದೇನು ಶಾಸ್ತ್ರವಲ್ಲ, ಅಂದಾಜು. ಆದರೂ ಅಂಗಡಿಯವರ ಮಾತಿಗಿಂತ ನಂಬಬಹುದು.

ಉತ್ತರಕ್ಕಿಂತ ಮುಖ್ಯವಾದ ಒಂದು ವಿಷಯ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಗಾಳಿ ಜಾಸ್ತಿಯಾದ ಹಾಗೆ ಎಳೆತ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. 14 ನಾಟ್ ಇದ್ದದ್ದು 20 ಆದರೆ ಕೈಟಿನ ಎಳೆತ ದುಪ್ಪಟ್ಟು. ಬರೀ 6 ನಾಟ್ ವ್ಯತ್ಯಾಸ! ಮಧ್ಯಾಹ್ನ ಎರಡು ಗಂಟೆಗೆ 12ನ್ನು ಆರಾಮಾಗಿ ಹಾರಿಸುತ್ತಿದ್ದವರು ನಾಲ್ಕು ಗಂಟೆಗೆ ಅದೇ ಕೈಟ್ ಹಿಡಿದು ದಡಕ್ಕೆ ಬರಲು ಒದ್ದಾಡುವುದು ಇದಕ್ಕೇ. ಅನುಭವ ಇದ್ದವರು ಬಾರ್ (ಕೈಟನ್ನು ನಡೆಸುವ ಹಿಡಿಕೋಲು) ದೂರ ಬಿಟ್ಟು, ಎಳೆತ ತಗ್ಗಿಸುವ ಟ್ರಿಮ್ ಪಟ್ಟಿ ಎಳೆದು ಹೇಗೋ ಸಂಭಾಳಿಸುತ್ತಾರೆ. ಹೊಸಬರು ಗಾಬರಿಯಲ್ಲಿ ಬಾರನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಬಾರ್ ಹತ್ತಿರ ಬಂದಷ್ಟೂ ಕೈಟ್ ಇನ್ನೂ ಜೋರಾಗಿ ಎಳೆಯುತ್ತದೆ. ದೊಡ್ಡ ಕೈಟಿನ ಅಪಾಯ ಇರುವುದು ಈ ಗಾಬರಿಯಲ್ಲಿ.

ಗಾಳಿ ಎಲ್ಲಿಯದು?

ನಮ್ಮ ಕರಾವಳಿಯಿಂದಲೇ ಶುರು ಮಾಡೋಣ, ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಗಾಳಿ ಇದೆ, ಆದರೆ ಕಡಲು ಇಳಿಯುವ ಹಾಗಿಲ್ಲ: ಗಾಳಿ ನೇರ ದಡಕ್ಕೆ ಬಡಿಯುತ್ತದೆ, ಅಲೆಗಳೂ ಅದರ ಜೊತೆ. ಮಳೆ ನಿಂತ ಮೇಲೆ ಮಧ್ಯಾಹ್ನದ ಕಡಲಗಾಳಿ ಬರುತ್ತದೆ, ಆದರೆ ಹೊಸಬರನ್ನು ಬೋರ್ಡ್ ಮೇಲೆ ಎತ್ತಿ ನಿಲ್ಲಿಸುವಷ್ಟು ಜೋರು ದಿನಾ ಇರುವುದಿಲ್ಲ. ಅದಕ್ಕೇ ಮೂಲ್ಕಿ ಕಡೆ ಸರ್ಫಿಂಗ್ ಬೆಳೆಯಿತು, ಕೈಟ್ ಹಿಡಿದವರು ರಾಮೇಶ್ವರದ ದಾರಿ ಹಿಡಿದರು.

ರಾಮೇಶ್ವರಕ್ಕೆ ಎರಡು ಸೀಸನ್. ಬೇಸಿಗೆಯ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ್ದು. ಪಂಬನ್ ದ್ವೀಪದ ಒಂದು ಬದಿಗೆ ಪಾಕ್ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದು ಬದಿಯಲ್ಲಿ ನೀರು ಸಮತಟ್ಟಾಗಿ ಸಿಗುತ್ತದೆ. 75 ಕೆ.ಜಿ. ಆಸುಪಾಸಿನವರು ಇಲ್ಲಿ 9ನ್ನೂ ಬಳಸುತ್ತಾರೆ, 12ನ್ನೂ ಬಳಸುತ್ತಾರೆ. ಒಂದನ್ನೇ ಕೊಳ್ಳುವುದಾದರೆ 10 ಅನ್ನುವ ಮಾತಿಗೆ ಅರ್ಥ ಇರುವುದು ಇಂಥ ಜಾಗದಲ್ಲಿ.

ಶ್ರೀಲಂಕಾದ ಕಲ್ಪಿಟಿಯ ಬೇರೆ ಲೆಕ್ಕ. ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ಗಾಳಿ ದಿನಾ ಬರುತ್ತದೆ, ಜೋರಾಗೇ ಬರುತ್ತದೆ. 20 ನಾಟ್ ಅಲ್ಲಿ ದೊಡ್ಡ ಸುದ್ದಿಯಲ್ಲ. ಆ ತಿಂಗಳುಗಳಲ್ಲಿ 12 ಹೊತ್ತುಕೊಂಡು ಹೋದರೆ ಅದು ಬ್ಯಾಗಿನಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗಿನ ಚಿಕ್ಕ ಸೀಸನ್ನಿನಲ್ಲಿ ಗಾಳಿ ಮೆದು, ಆಗ 12ಕ್ಕೆ ಕೆಲಸ ಬೀಳುತ್ತದೆ.

ದುಬೈನಲ್ಲಿರುವ ಮಂಗಳೂರು, ಉಡುಪಿ ಕಡೆಯವರು ಉಮ್ ಸುಕೈಮ್‌ನ ಕೈಟ್ ಬೀಚ್‌ನಲ್ಲಿ ಆಡುವುದಾದರೆ ದೊಡ್ಡದನ್ನೇ ನೋಡಿ. ಅಲ್ಲಿನದು ಮಧ್ಯಾಹ್ನದ ಕಡಲಗಾಳಿ, ಶಮಾಲ್ (ವಾಯವ್ಯದ ಜೋರು ಗಾಳಿ) ಬೀಸಿದ ದಿನ ಬಿಟ್ಟರೆ ಮೆದುವೇ. ಇನ್ನೊಂದು ಸಂಗತಿ: ಬಿಸಿ ಗಾಳಿ ಹಗುರ. 35 ಡಿಗ್ರಿಯ ಗಾಳಿ 10 ಡಿಗ್ರಿಯ ಗಾಳಿಗಿಂತ ಶೇ. 8ರಷ್ಟು ಕಡಿಮೆ ತೂಗುತ್ತದೆ, ಹಾಗಾಗಿ ಗಾಳಿ ತೋರಿಸುವ ಆ್ಯಪ್‌ನಲ್ಲಿ ಅದೇ 15 ನಾಟ್ ಇದ್ದರೂ ಎಳೆತ ಕಡಿಮೆ. ನೆದರ್ಲೆಂಡ್ಸ್‌ನಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರಿಗೆ ಇದು ಉಲ್ಟಾ. ಚಳಿಗಾಲದ ಗಟ್ಟಿ ಗಾಳಿಯಲ್ಲಿ ಒಂದು ಸೈಜು ಚಿಕ್ಕದೇ ಸಾಕಾಗಬಹುದು.

9ಕ್ಕೂ 12ಕ್ಕೂ ಕೈಯಲ್ಲಿ ಏನು ವ್ಯತ್ಯಾಸ?

ಎಳೆತದ ಮಾತು ಬಿಡಿ, ತಿರುಗುವ ವೇಗ ನೋಡಿ. ನೀರಿನಲ್ಲಿ ಕೂತು, ಬೋರ್ಡಿಗೆ ಕಾಲು ಸಿಕ್ಕಿಸಿಕೊಂಡು, ತಲೆಯ ಮೇಲಿರುವ ಕೈಟನ್ನು ಒಂದು ಕಡೆಗೆ ಇಳಿಸುತ್ತೀರಲ್ಲ, ಆ ಕ್ಷಣ ಗಮನಿಸಿ. 12 ಆದರೆ ಬಾರ್ ತಿರುಗಿಸಿದ ಮೇಲೆ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಎಳೆತ ಮೆಲ್ಲಗೆ ಶುರುವಾಗಿ ಸ್ವಲ್ಪ ಹೊತ್ತು ಇರುತ್ತದೆ. ಅಷ್ಟರಲ್ಲಿ ಮಂಡಿ ಬಿಡಿಸಿ ಎದ್ದು ನಿಲ್ಲಲು ಸಮಯ ಸಿಗುತ್ತದೆ. 7 ಹಾಗಲ್ಲ. ಸರಕ್ಕನೆ ಇಳಿಯುತ್ತದೆ, ಒಂದು ಸಲ ಜಗ್ಗುತ್ತದೆ, ನೀವು ಅರ್ಧ ಎದ್ದಿರುವಾಗಲೇ ಆ ಎಳೆತ ಮುಗಿದುಹೋಗಿರುತ್ತದೆ. ಮತ್ತೆ ನೀರಲ್ಲಿ ಕೂರುತ್ತೀರಿ. 9 ಮತ್ತು 10 ಈ ಎರಡರ ನಡುವೆ ಇವೆ. ಕೈ ಮಾತನ್ನು ಬೇಗ ಕೇಳುತ್ತವೆ, ಆದರೆ ತಪ್ಪಿದ ತಕ್ಷಣ ದಂಡಿಸುವುದಿಲ್ಲ.

ಹಾಗಾದರೆ 12ರ ನಿಧಾನವೇ ಹೊಸಬರಿಗೆ ಒಳ್ಳೆಯದಲ್ವಾ? ಮೆದು ಗಾಳಿಯಲ್ಲಿ ಹೌದು. 13-14 ನಾಟ್‌ನಲ್ಲಿ 75 ಕೆ.ಜಿ.ಯವರಿಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ನಿಮ್ಮ ಜಾಗದಲ್ಲಿ ಗಾಳಿ 18ರಿಂದ 22 ಇದ್ದರೆ ಆ ನಿಧಾನವೇ ಮುಳುವು. ತಪ್ಪಿ ಕೆಳಗಿಳಿದ ಕೈಟನ್ನು ಬೇಗ ಮೇಲಕ್ಕೆ ತರಲು ಆಗುವುದಿಲ್ಲ, ತರುವ ತನಕ ಅದು ಎಳೆದೊಯ್ಯುತ್ತಲೇ ಇರುತ್ತದೆ.

ಚಿಕ್ಕ ಕೈಟ್ ಪೂರಾ ಸುರಕ್ಷಿತ ಅನ್ನುವ ನಂಬಿಕೆಯೂ ಸುಳ್ಳು. ಗಾಳಿ ಸಾಲದ ದಿನ ಚಿಕ್ಕದನ್ನು ಹಿಡಿದು ಒಳಗೆ ಹೋದರೆ ಅದು ನೀರಿಗೆ ಬೀಳುತ್ತದೆ, ಮತ್ತೆ ಏಳುವುದಿಲ್ಲ. ಗಾಳಿ ದಡದ ಕಡೆಗೆ ಓರೆಯಾಗಿ ಬೀಸುತ್ತಿದ್ದರೆ ನಿಧಾನಕ್ಕೆ ದಡ ಸೇರುತ್ತೀರಿ. ದಡದಿಂದ ಕಡಲಿನ ಕಡೆಗೆ ಬೀಸುತ್ತಿದ್ದರೆ ರಕ್ಷಣೆಗೆ ದೋಣಿ ಬರಬೇಕು. ಅಂಥ ಗಾಳಿಯಲ್ಲಿ, ದೋಣಿ ಇಲ್ಲದ ಕಡೆ, ಯಾವ ಸೈಜೂ ಸರಿಯಾದ ಸೈಜಲ್ಲ.

ತೂಕದ ಲೆಕ್ಕಕ್ಕೆ ಬರೋಣ

50ರಿಂದ 58 ಕೆ.ಜಿ. ಇರುವವರಿಗೆ ಕಲ್ಪಿಟಿಯದ ಜುಲೈ ತಿಂಗಳಿನಂಥ ಗಾಳಿಗೆ 7, ಮೆದು ಗಾಳಿಗೆ 9. ಇವರಿಗೆ ಯಾರಾದರೂ “ಬಿಗಿನರ್ ಸೈಜು ಅಂದ್ರೆ 12” ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ. 55 ಕೆ.ಜಿ.ಯವರಿಗೆ 12 ಸರಿಹೊಂದುವುದು 10 ನಾಟ್ ಗಾಳಿಯಲ್ಲಿ, ಅಷ್ಟು ಮೆದು ಗಾಳಿಯಲ್ಲಿ ಹೊಸಬರು ಕಲಿಯುವುದು ಏನೂ ಇಲ್ಲ.

65ರಿಂದ 80ರವರೆಗಿನ ದೊಡ್ಡ ಗುಂಪಿಗೆ 9, 10, 12ರ ನಡುವೆ ಜಗಳ. ಜೋರು ಗಾಳಿಯ ಜಾಗಕ್ಕೆ 9, ಮೆದು ಗಾಳಿಗೆ 12, ಎರಡೂ ಕಡೆ ಹೋಗುವವರಿಗೆ 10. 10 ತಗೊಂಡವರಿಗೆ ಒಂದು ಮಾತು: ತುಂಬಾ ಮೆದುವಿದ್ದ ದಿನವೂ ತುಂಬಾ ಜೋರಿದ್ದ ದಿನವೂ ನೀವು ಹೊರಗೆ. ಮೊದಲ ವರ್ಷಕ್ಕೆ ಅದೇನೂ ನಷ್ಟವಲ್ಲ.

90 ದಾಟಿದವರಿಗೆ 12 ಬಹುಪಾಲು ಕಡೆ ಸರಿ. 16-17 ನಾಟ್‌ಗೆ ಅದು ಹದವಾಗಿ ಕೂರುತ್ತದೆ. ದುಬೈನಂಥ ಕಡೆ 14ರ ಕೈಟ್ ತನಕ ಹೋಗಬಹುದು.

ಗಂಡ ಹೆಂಡತಿ ಜೊತೆಯಾಗಿ ಕಲಿತು ಬಂದಾಗ ಒಂದು ಚರ್ಚೆ ನಡೆಯುತ್ತದೆ. “ರೀ, ಇಬ್ಬರಿಗೂ ಒಂದೇ ತಗೊಂಡ್ರೆ ಸಾಕಲ್ವಾ? ಹೇಗೂ ಒಬ್ಬರು ನೀರಲ್ಲಿದ್ದಾಗ ಇನ್ನೊಬ್ಬರು ದಡದಲ್ಲಿ ನಿಂತಿರಬೇಕು.” ಮಾತು ಸರಿಯಾಗೇ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಗಂಡ 82 ಕೆ.ಜಿ., ಹೆಂಡತಿ 54. ಮಧ್ಯದ್ದು ಅಂತ 9 ಆರಿಸಿದರು ಅಂತಿಟ್ಟುಕೊಳ್ಳಿ. 54ಕ್ಕೆ 9 ಹದವಾಗುವುದು 13 ನಾಟ್‌ನಲ್ಲಿ, 82ಕ್ಕೆ 20ರಲ್ಲಿ. ಅಂದರೆ ಆಕೆ ಚೆನ್ನಾಗಿ ಆಡುವಷ್ಟು ಗಾಳಿಯಲ್ಲಿ ಆತ ಕೈಟ್ ಹಿಡಿದರೂ ನೀರಲ್ಲೇ ಕೂತಿರುತ್ತಾನೆ, ಆತ ಎದ್ದು ಹೊರಡುವಷ್ಟು ಗಾಳಿ ಬಂದಾಗ ಆಕೆ ದಡದಲ್ಲೇ ಇರಬೇಕು. ಒಂದೇ ಕೈಟ್ ಹಂಚಿಕೊಳ್ಳಬಹುದು, ಒಂದೇ ಮಧ್ಯಾಹ್ನವನ್ನು ಹಂಚಿಕೊಳ್ಳುವುದು ಕಷ್ಟ. ಇಬ್ಬರ ತೂಕದಲ್ಲಿ ಹತ್ತು ಕೆ.ಜಿ. ಒಳಗಿನ ವ್ಯತ್ಯಾಸ ಇದ್ದರೆ ಮಾತ್ರ ಈ ಉಳಿತಾಯ ಮಾಡಿ. ಇಲ್ಲದಿದ್ದರೆ 7 ಒಂದು, 10 ಒಂದು. ಗಾಳಿ ಮೆದುವಾದ ದಿನ ಆಕೆ 10ನ್ನು ಎತ್ತಿಕೊಳ್ಳುತ್ತಾಳೆ, ಅದು ಬೇರೆ ಮಾತು.

ಬೋರ್ಡಿನ ಸಹಾಯ

ಕೈಟಿನ ಬಗ್ಗೆ ಇಷ್ಟು ಅಳೆದು ತೂಗುವವರು ಬೋರ್ಡನ್ನು ಬಣ್ಣ ನೋಡಿ ತಗೊಳ್ಳುತ್ತಾರೆ. ದೊಡ್ಡ ಬೋರ್ಡ್ ಒಂದೆರಡು ನಾಟ್ ಕಡಿಮೆ ಗಾಳಿಯಲ್ಲೂ ನೀರಿನ ಮೇಲೆ ನಿಲ್ಲುತ್ತದೆ. 75 ಕೆ.ಜಿ.ಯವರು 136 ಸೆಂ.ಮೀ. ಬದಲು 140-144ರ ಟ್ವಿನ್ ಟಿಪ್ (ಎರಡೂ ತುದಿ ಒಂದೇ ತರ ಇರುವ ಬೋರ್ಡ್) ಹಿಡಿದರೆ 9ರ ಕೈಟಿನಲ್ಲಿ 15-16 ನಾಟ್‌ಗೂ ಹೊರಡಬಹುದು. ನಾನು ಚಿಕ್ಕ ಕೈಟ್ ಪರ ವಾದ ಮಾಡುವುದು ಈ ಧೈರ್ಯದ ಮೇಲೆ. ಗಾಳಿ ಏರಿದರೆ ದೊಡ್ಡ ಬೋರ್ಡ್ ಕಾಲಡಿ ತಟಪಟ ಕುಣಿದು ಕಿರಿಕಿರಿ ಮಾಡುತ್ತದೆ ಅಷ್ಟೇ. ದೊಡ್ಡ ಕೈಟ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ.

ಆಕಾರ, ವರ್ಷ, ಸೆಕೆಂಡ್ ಹ್ಯಾಂಡ್

ಕೊಳವೆಗಳಿಗೆ ಗಾಳಿ ತುಂಬಿಸುವ ಕೈಟಿಗೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದರು. ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳುವ ಕೈಟ್ ಅದು. ಹೊಸಬರ ಪಾಲಿಗೆ ಇನ್ನೂ ದೊಡ್ಡ ಬದಲಾವಣೆ ಬಂದದ್ದು 2005ರ ಸುಮಾರಿಗೆ, ಬೌ ಅನ್ನುವ ಚಪ್ಪಟೆ ಆಕಾರದ ಕೈಟ್ ಜೊತೆ. ಬಾರನ್ನು ದೂರ ತಳ್ಳಿದರೆ ಎಳೆತ ಹೆಚ್ಚುಕಮ್ಮಿ ಪೂರ್ತಿ ಸತ್ತುಹೋಗುತ್ತದೆ. ಅದಕ್ಕಿಂತ ಹಳೆಯ, ಇಂಗ್ಲಿಷಿನ C ಅಕ್ಷರದ ಹಾಗೆ ಬಾಗಿದ ಸಿ ಕೈಟ್‌ಗಳಲ್ಲಿ ಈ ಗುಣ ಇಲ್ಲ. ಯಾರೋ ಪರಿಚಯದವರು “ನನ್ನ ಹಳೇದೊಂದು ಅಟ್ಟದಲ್ಲಿದೆ, ಸುಮ್ನೆ ತಗೊಂಡು ಹೋಗಪ್ಪ” ಅಂದರೆ ಕೈ ಮುಗಿದು ಬೇಡ ಅನ್ನಿ, ಸೈಜು ಸರಿಯಿದ್ದರೂ ಸರಿ. ಇವತ್ತು ಅಂಗಡಿಯಲ್ಲಿ ಸಿಗುವ ಬೌ, ಡೆಲ್ಟಾ, ಹೈಬ್ರಿಡ್ ಆಕಾರಗಳೆಲ್ಲವೂ ಕಲಿಯುವವರಿಗೆ ನಡೆಯುತ್ತವೆ.

ಹೊಸದು ಲಕ್ಷ ರೂಪಾಯಿ ದಾಟುತ್ತದೆ, ಬಾರ್ ಬೇರೆ. ಎರಡು-ಮೂರು ಸೀಸನ್ ಕಂಡ ಕೈಟ್ ಬಹಳ ಕಡಿಮೆಗೆ ಸಿಗುತ್ತದೆ. ಮೊದಲನೆಯದಕ್ಕೆ ಇದೇ ವಾಸಿ. ಹೇಗೂ ಮರಳಿಗೆ ಬಡಿಯುತ್ತೀರಿ. ನೋಡಲು ಹೋದಾಗ ಬಟ್ಟೆಯನ್ನು ಬೆರಳಲ್ಲಿ ಹಿಸುಕಿ. ಗರಿಗರಿ ಶಬ್ದ ಬರಬೇಕು. ತೊಳೆದು ತೊಳೆದು ಸವೆದ ಕರ್ಚೀಫಿನ ಹಾಗೆ ಮೆತ್ತಗಿದ್ದರೆ ಬಿಸಿಲು ಅದನ್ನು ತಿಂದಿದೆ. ಗಟ್ಟಿಯಾಗಿ ಗಾಳಿ ತುಂಬಿ, ಕಾಫಿ ಕುಡಿದು, ಹರಟೆ ಹೊಡೆದು, ಒಂದೆರಡು ಗಂಟೆ ಬಿಟ್ಟು ಮತ್ತೆ ಒತ್ತಿ ನೋಡಿ. ಮಾರುವವರು ಅವಸರ ಮಾಡಿದರೆ ಅದೂ ಒಂದು ಉತ್ತರವೇ. ಬಾರನ್ನು ಕೈಟಿಗೆ ಜೋಡಿಸುವ ಲೈನ್ (ದಾರ) ನಾಲ್ಕನ್ನೂ ಒಂದೇ ಕಂಬಕ್ಕೆ ಸಿಕ್ಕಿಸಿ, ಟ್ರಿಮ್ ಪೂರ್ತಿ ಬಿಟ್ಟು, ಬಾರನ್ನು ನೇರಕ್ಕೆ ಎಳೆಯಿರಿ. ನಾಲ್ಕೂ ಸಮ ಬಿಗಿಯಾಗಬೇಕು. ಮುಂದಿನ ಎರಡು ಹಿಗ್ಗಿ ಉದ್ದವಾಗಿದ್ದರೆ ಕೈಟ್ ಹಾರುತ್ತಾ ಹಾರುತ್ತಾ ಹಿಂದಕ್ಕೆ ಜಾರಿ ಬೀಳುತ್ತದೆ, ತಪ್ಪು ನಿಮ್ಮದೇ ಅಂದುಕೊಂಡು ಒಂದು ಸೀಸನ್ ಪೂರ್ತಿ ಕೊರಗುತ್ತೀರಿ.

ಕೈಟ್ ಹಳೆಯದಾದರೂ ಬಾರ್ ಆದಷ್ಟು ಹೊಸದಿರಲಿ. ಅಪಾಯದಲ್ಲಿ ಕೈಟಿನಿಂದ ಬಿಡಿಸಿಕೊಳ್ಳುವ ಕ್ವಿಕ್ ರಿಲೀಸ್‌ಗೆ 2020ರಲ್ಲಿ ಐಎಸ್ಒ 21853 ಅನ್ನುವ ಮಾನದಂಡ ಬಂತು. ಆಮೇಲಿನ ಬಾರ್‌ಗಳಲ್ಲಿ ಅದು ಇದೆಯಾ ಕೇಳಿ. ಎಳೆತ ಇದ್ದಾಗಲೂ ಒಂದೇ ಕೈಯಲ್ಲಿ ಬಿಚ್ಚಿಕೊಳ್ಳುತ್ತದಾ ಅಂತ ಅಲ್ಲೇ ಹಾರ್ನೆಸ್ (ಕೈಟಿಗೆ ಸಿಕ್ಕಿಸುವ ಸೊಂಟಪಟ್ಟಿ) ಕಟ್ಟಿಕೊಂಡು ಪರೀಕ್ಷೆ ಮಾಡಿ. ಮರಳು ತುಂಬಿ ಬಿಗಿಯಾದ ರಿಲೀಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದಡದಲ್ಲಿ ನಿಂತು ನೋಡುವುದು

ಆ್ಯಪ್ ಏನೇ ಹೇಳಲಿ, ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ಬೇರೆಯವರನ್ನು ನೋಡಿ. ಹೆಚ್ಚಿನ ಕೈಟ್‌ಗಳ ಮೇಲೆ ಸೈಜು ದೊಡ್ಡದಾಗಿ ಬರೆದಿರುತ್ತದೆ. ನಿಮ್ಮಷ್ಟೇ ಮೈಕಟ್ಟಿನ ಒಬ್ಬರನ್ನು ಆರಿಸಿಕೊಳ್ಳಿ. ಅವರ ಕೈಟ್ ಒಂದೇ ಎತ್ತರದಲ್ಲಿ ನಿಂತು ಸರಾಗವಾಗಿ ಸಾಗುತ್ತಿದ್ದರೆ ಆ ಸೈಜು ಆ ಗಾಳಿಗೆ ಹದ. ಕೈಟನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಕೈ ಪೂರ್ತಿ ಚಾಚಿ, ಹಿಮ್ಮಡಿಯನ್ನು ನೀರಿಗೆ ಒತ್ತಿ, ಬ್ರೇಕ್ ಹಾಕಿದ ಹಾಗೆ ನೊರೆ ಎಬ್ಬಿಸುತ್ತಾ ಹೋಗುತ್ತಿದ್ದರೆ ಅವರ ಕೈಟ್ ದೊಡ್ಡದಾಯಿತು. ಅವರಿಗೇ ದೊಡ್ಡದಾದದ್ದು ನಿಮಗೆ ಖಂಡಿತ ದೊಡ್ಡದು.

ತೆರೆದ ಕಡಲಾದರೆ ನೀರಿನ ಮೇಲೂ ಓದಬಹುದು. ಅಲ್ಲಲ್ಲಿ ಬಿಳಿ ನೊರೆ ಕಂಡರೆ 10 ನಾಟ್ ಆಸುಪಾಸು, ಎಲ್ಲೆಲ್ಲೂ ನೊರೆ ಇದ್ದರೆ 15ರ ಮೇಲೆ. ಕಲ್ಪಿಟಿಯದಂಥ ಲಗೂನಿನಲ್ಲಿ (ಕಡಲಿನಿಂದ ಮರೆಯಾದ ಆಳವಿಲ್ಲದ ನೀರಿನಲ್ಲಿ) ಈ ಲೆಕ್ಕ ಕೈಕೊಡುತ್ತದೆ. ಅಲೆ ಏಳಲು ಅಲ್ಲಿ ಜಾಗವೇ ಇಲ್ಲ, 20 ನಾಟ್ ಇದ್ದರೂ ನೀರು ಸಾಧುವಾಗಿ ಕಾಣುತ್ತದೆ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ರೈತರ ಮಾತು, ಕಣಕ್ಕೆ ಸರಿ. 9 ಹಿಡಿದಿರುವ 75 ಕೆ.ಜಿ.ಯ ಹೊಸಬರು ಗಾಳಿ 24 ನಾಟ್ ದಾಟಿದಾಗ ಕೈಟ್ ಇಳಿಸಿ ಮಡಚಿಡಬೇಕು. ಬಿಟ್ಟು ಬಿಟ್ಟು ರಭಸವಾಗಿ ಬೀಸುವ ಗಾಳಿಯಾದರೆ ಅದಕ್ಕೂ ಮುಂಚೆ. ಆ್ಯಪ್‌ನಲ್ಲಿ ಸರಾಸರಿಯ ಪಕ್ಕ ಗಸ್ಟ್ (ಆ ರಭಸದ ವೇಗ) ಅಂತ ಇನ್ನೊಂದು ಸಂಖ್ಯೆ ಇರುತ್ತದಲ್ಲ, ಸೈಜು ನಿರ್ಧಾರ ಮಾಡುವಾಗ ಅದರ ಮೇಲೆ ಕಣ್ಣಿರಲಿ. ಸರಾಸರಿ 16, ಗಸ್ಟ್ 18 ಇದ್ದರೆ ಹಬ್ಬ. ಸರಾಸರಿ 16, ಗಸ್ಟ್ 26 ಇದ್ದರೆ ರಜೆ.

ಎರಡನೇ ಕೈಟ್ ಬಗ್ಗೆ ಈಗಲೇ ಯೋಚಿಸುವವರಿಗೆ: ಹೆಚ್ಚುಕಮ್ಮಿ ಮೂರು ಮೀಟರ್ ಅಂತರ ಬಿಡಿ. 9 ಇದ್ದರೆ ಮುಂದಿನದು 12, 7 ಇದ್ದರೆ 9 ಅಥವಾ 10. 9ರ ಪಕ್ಕ 10 ತಂದಿಟ್ಟುಕೊಂಡರೆ ಎರಡೂ ಒಂದೇ ಗಾಳಿಗೆ ಕೆಲಸ ಮಾಡುತ್ತವೆ, ಉಳಿದ ದಿನ ಎರಡೂ ಬ್ಯಾಗಿನಲ್ಲಿ. ಸಾಧ್ಯವಾದರೆ ಅದೇ ಕಂಪನಿಯದನ್ನು ಹುಡುಕಿ, ಈಗಿರುವ ಬಾರೇ ಅದಕ್ಕೂ ಕೂತರೆ ಇನ್ನೊಂದು ಬಾರಿನ ಖರ್ಚು ತಪ್ಪುತ್ತದೆ.